ನಾಲ್ಕರ ಬದಲು ಮೂರು ಮಿಲಿಮೀಟರು

ನಾನು ಟ್ರೇಲರ್ ಮಾಡುವ ಕಂಪನಿಯಲ್ಲಿದ್ದೆ ಎಂದರೆ ಹಲಸೂರಿನ ನಮ್ಮ ಬೀದಿಯಲ್ಲಿ ಮೊದಲು ಬರುವ ಪ್ರಶ್ನೆ, ಯಾವ ಸಿನಿಮಾದ್ದು ಎಂಬುದು. ಸಿನಿಮಾದ್ದಲ್ಲ, ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ ಎರಡು ಚಕ್ರದ ಪುಟ್ಟ ಮನೆ ಎಂದು ವಿವರಿಸುತ್ತೇನೆ. ಒಳಗೆ ಇಬ್ಬರು ಮಲಗಬಹುದು, ಹಿಂದಿನ ಮುಚ್ಚಳ ಎತ್ತಿದರೆ ಅಡುಗೆಮನೆ, ರಸ್ತೆಯಿಲ್ಲದ ಕಡೆಗೂ ಹೋಗಲೆಂದು ಚಕ್ರಗಳು ದೊಡ್ಡವು. ಇಷ್ಟು ಕೇಳಿದ ಮೇಲೆ ಎದುರುಮನೆಯಾಕೆ, ಮನೆಯಿದ್ದವರು ಅದನ್ನು ಯಾಕೆ ಕೊಳ್ಳುತ್ತಾರೆ ಎಂದು ಕೇಳಿದರು. ಏಳು ವರ್ಷ ಆ ಕೆಲಸ ಮಾಡಿದರೂ ಇದಕ್ಕೆ ನನಗೆ ಸರಿಯಾದ ಉತ್ತರ ಸಿಕ್ಕಿಲ್ಲ.

ನಾನು ಎರಡು ಸಲ ನಿವೃತ್ತಳಾದವಳು. ಮೊದಲನೆಯದು ವಿಮಾನಪುರದ ಕಾರ್ಖಾನೆಯ ಡ್ರಾಯಿಂಗ್ ವಿಭಾಗದಿಂದ, ಎರಡನೆಯದು ಈ ಟ್ರೇಲರ್ ಕಂಪನಿಯಿಂದ. ಈಗ ಈ ಕೆಲಸಕ್ಕೆ ಸೇರುವವರಿಗೆ ಕಂಪನಿಯವರು ನುಣುಪು ಕಾಗದದ ಪುಸ್ತಿಕೆಯೊಂದನ್ನು ಕೊಡುತ್ತಾರೆ. ಅದರಲ್ಲಿ ಬೆಟ್ಟ, ಮಂಜು, ಕಾಫಿ ಲೋಟ ಹಿಡಿದು ನಗುವ ಜೋಡಿ ಎಲ್ಲ ಇವೆ. ವೆಲ್ಡಿಂಗ್ ಇಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಂಪನಿಯ ಮಾಲೀಕ ನಿಶಾಂತ್ ನನ್ನನ್ನು ಸಂದರ್ಶನ ಮಾಡಿದ್ದು ಇಂದಿರಾನಗರದ ಒಂದು ಕಾಫಿ ಹೋಟೆಲಿನಲ್ಲಿ. ಮೂವತ್ತು ದಾಟಿದ, ಒಳ್ಳೆಯ ಮಾತಿನ, ಸದಾ ಬೂಟಿನಲ್ಲಿರುವ ಮನುಷ್ಯ. ಇನ್ನು ಐದು ವರ್ಷಕ್ಕೆ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ ಎಂದು ಕೇಳಿದ. ನನಗಾಗ ಅರವತ್ತು. ಬದುಕಿದ್ದರೆ ಹಲಸೂರಿನಲ್ಲೇ ಎಂದೆ. ಅದನ್ನು ಅವನು ಕಂಪ್ಯೂಟರಿನಲ್ಲಿ ಬರೆದುಕೊಂಡ.

ಆಫೀಸು ಇಂದಿರಾನಗರದಲ್ಲಿ, ಶೆಡ್ಡು ಕೃಷ್ಣರಾಜಪುರದ ರೈಲ್ವೆ ಸ್ಟೇಷನ್ನಿನ ಹಿಂದೆ. ಈ ಎರಡರ ನಡುವಿನ ಟ್ರಾಫಿಕ್ಕು ನಮ್ಮ ಕಂಪನಿಯ ಆಡಳಿತ ಪದ್ಧತಿಯನ್ನು ರೂಪಿಸಿತ್ತು. ಆಫೀಸಿನಲ್ಲಿ ಕುಳಿತವರು ಶೆಡ್ಡಿಗೆ ಬರುತ್ತಿರಲಿಲ್ಲ, ಶೆಡ್ಡಿನವರಿಗೆ ಆಫೀಸಿನ ದಾರಿ ಬೇಕಿರಲಿಲ್ಲ. ನಾನು ಶೆಡ್ಡಿನಲ್ಲಿ ಒಂದು ಮೇಜು ಹಾಕಿಕೊಂಡೆ. ಅಲ್ಲಿ ನನ್ನ ಜೊತೆಗಿದ್ದವರು ಮುಖ್ಯ ವೆಲ್ಡರ್ ಮಕ್ಬೂಲ್. ಶಿವಾಜಿನಗರದವರು, ಅವರ ಅಪ್ಪ, ತಾತ ಎಲ್ಲ ಹಳೆಯ ಕಾರಿನ ಬಿಡಿಭಾಗಗಳ ವ್ಯಾಪಾರದಲ್ಲಿದ್ದವರು. ಯಾವ ಕಬ್ಬಿಣವನ್ನಾದರೂ ಉಗುರಿನಿಂದ ತಟ್ಟಿ ಅದು ಎಷ್ಟು ದಪ್ಪ ಎಂದು ಹೇಳಬಲ್ಲವರು.

ನಮ್ಮ ಮೊದಲ ಟ್ರೇಲರಿನ ರೂಪ ಆಫೀಸಿನಿಂದ ಬಣ್ಣದ ಚಿತ್ರವಾಗಿ ಬಂತು. ಅಲ್ಲಿಯವರು ಪರದೇಶದ ನೂರಾರು ಟ್ರೇಲರುಗಳ ಚಿತ್ರ ನೋಡಿ ಇದನ್ನು ಬರೆದಿದ್ದರು. ನಾನು ಅದಕ್ಕೆ ಅಳತೆ ಕೊಟ್ಟೆ, ಮಕ್ಬೂಲ್ ಕಟ್ಟಿದರು. ನಿಶಾಂತ್ ಅದನ್ನು ಪತ್ರಿಕೆಯವರಿಗೆ ತೋರಿಸಲು ಹಳೇ ಮದರಾಸು ರಸ್ತೆಯ ಎಡಬದಿಯಲ್ಲಿ ನಿಲ್ಲಿಸಿ ಬಾಗಿಲು ತೆಗೆದ. ಬಾಗಿಲು ನೇರ ವಾಹನಗಳ ಸಾಲಿಗೆ ತೆರೆಯಿತು. ನೆರಳಿನ ಬಟ್ಟೆ ಬಿಚ್ಚಿದರೆ ಅದೂ ರಸ್ತೆಯ ಮೇಲೆ. ಆ ಚಿತ್ರಗಳೆಲ್ಲ ರಸ್ತೆಯ ಬಲಕ್ಕೆ ಗಾಡಿ ಓಡಿಸುವ ದೇಶದವು ಎಂಬುದು ಆಫೀಸಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಶೆಡ್ಡಿನಲ್ಲಿ ನನಗೂ ಹೊಳೆದಿರಲಿಲ್ಲ, ಇದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಟ್ರಾಫಿಕ್ ಜಾಮಿನಲ್ಲಿ ಪಕ್ಕಕ್ಕೇ ಬಂದು ನಿಂತ ಬಸ್ಸಿನ ಕಂಡಕ್ಟರ್ ಕಿಟಕಿಯಿಂದ ತಲೆ ಹಾಕಿ, ಟೀ ಆಗಿದೆಯಾ ಎಂದು ಕೇಳಿದ. ಮರುದಿನ ಮಕ್ಬೂಲ್ ಬಾಗಿಲನ್ನು ಎಡಕ್ಕೆ ತಂದರು. ನಿಶಾಂತ್ ಅದಕ್ಕೆ ‘ಭಾರತಕ್ಕೆಂದೇ ಮರುವಿನ್ಯಾಸ’ ಎಂದು ಹೆಸರಿಟ್ಟ.

ಒಬ್ಬ ಗಿರಾಕಿ ವಾಸ್ತು ನೋಡುವವರನ್ನು ಕರೆತಂದರು. ಆ ಹಿರಿಯರು ಟ್ರೇಲರನ್ನು ಎರಡು ಸುತ್ತು ಬಂದು, ಅಡುಗೆ ಆಗ್ನೇಯಕ್ಕೆ ಬರಬೇಕು, ಇದು ವಾಯವ್ಯದಲ್ಲಿದೆ ಎಂದರು. ಗಾಡಿಯನ್ನು ತಿರುಗಿಸಿ ನಿಲ್ಲಿಸಿದರೆ ಆಗ್ನೇಯವಾಗುತ್ತದೆ ಎಂದೆ. ಅವರು ಬಹಳ ಹೊತ್ತು ಯೋಚಿಸಿದರು. ಕೊನೆಗೆ, ಒಳಗೊಂದು ದಿಕ್ಸೂಚಿ ಇಟ್ಟರೆ ಸಾಕು ಎಂದು ಅಪ್ಪಣೆ ಕೊಟ್ಟರು. ನಿಶಾಂತನಿಗೆ ಅದು ಎಷ್ಟು ಇಷ್ಟವಾಯಿತೆಂದರೆ, ಅಂದಿನಿಂದ ಎಲ್ಲ ಟ್ರೇಲರಿಗೂ ದಿಕ್ಸೂಚಿ ಹಾಕಿಸಿದ. ಸಾಹಸಿಗಳಿಗಾಗಿ ಎಂದು ಅದರ ಕೆಳಗೆ ಬರೆಸಿದ.

ಧೂಳಿನದು ಬೇರೆ ಕಥೆ. ಮಣ್ಣುರಸ್ತೆಯಲ್ಲಿ ಓಡುವ ಟ್ರೇಲರಿಗೆ ದೊಡ್ಡ ಶತ್ರು ಬಂಡೆಯಲ್ಲ, ಧೂಳು. ಬಾಗಿಲ ಸಂದಿನಲ್ಲಿ ನುಗ್ಗಿ ಹಾಸಿಗೆ, ಅಕ್ಕಿ ಡಬ್ಬಿ ಎಲ್ಲದರ ಮೇಲೂ ಕೂರುತ್ತದೆ. ಆಫೀಸಿನ ಕಂಪ್ಯೂಟರು ನಮ್ಮ ಟ್ರೇಲರಿನೊಳಗೆ ಧೂಳು ಬರುವುದಿಲ್ಲ ಎಂದು ಬಣ್ಣಬಣ್ಣದಲ್ಲಿ ತೋರಿಸುತ್ತಿತ್ತು. ಹೊಸಕೋಟೆಯವರೆಗೆ ಹೋಗಿ ಬಂದ ಹಾಸಿಗೆ ಮಾತ್ರ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಮಕ್ಬೂಲ್ ಮನೆಯಿಂದ ಲೋಬಾನ ತಂದು, ಕೆಂಡದ ಮೇಲೆ ಹಾಕಿ, ಟ್ರೇಲರಿನೊಳಗಿಟ್ಟು ಬಾಗಿಲು ಮುಚ್ಚಿದರು. ಎಲ್ಲೆಲ್ಲಿ ಹೊಗೆ ಹೊರಬಂತೋ ಅಲ್ಲಲ್ಲಿ ಸೀಮೆಸುಣ್ಣದ ಗುರುತು ಹಾಕಿದೆ. ಇಪ್ಪತ್ತಮೂರು ಕಡೆ ಬಂತು. ಏಳು ವರ್ಷ ಅದೇ ನಮ್ಮ ಪರೀಕ್ಷೆ. ಟ್ರೇಲರು ಯಾಕೆ ಇಷ್ಟು ಘಮಘಮಿಸುತ್ತದೆ ಎಂದು ಕೇಳಿದ ಗಿರಾಕಿಗಳಿಗೆ ನಿಶಾಂತ್, ಅದು ಒಳಗಿನ ಮರದ ಸಹಜ ಪರಿಮಳ ಎನ್ನುತ್ತಿದ್ದ.

ಇಲ್ಲಿಯವರೆಗಿನವು ನಗಬಹುದಾದ ತಪ್ಪುಗಳು. ನಗಲಾಗದ ತಪ್ಪು ಮಾಡಿದ್ದು ನಾನು.

ಆರನೆಯ ವರ್ಷ ಹೊಸ ಮಾದರಿಯೊಂದನ್ನು ಮಾಡಿದೆವು, ಚಿಕ್ಕ ಕಾರುಗಳೂ ಎಳೆಯುವಷ್ಟು ಹಗುರವಾದದ್ದು. ಮೊದಲ ಕಂತಿನಲ್ಲಿ ಮೂರು ಕಟ್ಟುವ ನಿರ್ಧಾರವಾಯಿತು. ಡ್ರಾಯಿಂಗ್ ಮುಗಿಸಿ ತೂಕದ ಲೆಕ್ಕ ಹಾಕಿದರೆ ಆಫೀಸು ಹೇಳಿದ್ದಕ್ಕಿಂತ ಐದು ಕಿಲೋ ಹೆಚ್ಚಾಗಿತ್ತು. ಐದು ಕಿಲೋ ತಾನೆ ಎಂದು ನಿಶಾಂತನಿಗೆ ಫೋನು ಮಾಡಿದೆ.

“ಬ್ರೋಷರ್ ಪ್ರಿಂಟ್ ಆಗ್ಬಿಟ್ಟಿದೆ ಮೇಡಂ,” ಎಂದ.

ಕಾರ್ಖಾನೆಯಲ್ಲಿ ನಾವು ವಸ್ತುವನ್ನು ತೂಗಿ ಕಾಗದದಲ್ಲಿ ಬರೆಯುತ್ತಿದ್ದೆವು. ಇಲ್ಲಿ ಕಾಗದದಲ್ಲಿ ಬರೆದದ್ದಕ್ಕೆ ವಸ್ತು ತೂಗಬೇಕಿತ್ತು. ಎರಡು ದಿನ ಅಲ್ಲಿ ಇಲ್ಲಿ ಕೆರೆದು ನೋಡಿದೆ. ಕೊನೆಗೆ ಎಳೆದಂಡಕ್ಕೆ ಕೈ ಹಾಕಿದೆ. ಟ್ರೇಲರಿನ ಮುಂದೆ ಚಾಚಿಕೊಂಡು ಜೀಪಿನ ಕೊಂಡಿಗೆ ಸೇರುವ ಉಕ್ಕಿನ ಕೊಳವೆಗಳೇ ಎಳೆದಂಡ. ಇಡೀ ಗಾಡಿ ಅದನ್ನೇ ನಂಬಿ ಓಡುತ್ತದೆ. ಅದರ ಗೋಡೆಯ ದಪ್ಪ ನಾಲ್ಕು ಮಿಲಿಮೀಟರು ಇತ್ತು, ಮೂರು ಮಾಡಿದೆ. ಲೆಕ್ಕ ಹಾಕಿದರೆ ಒಳ್ಳೆಯ ರಸ್ತೆಗೆ ಧಾರಾಳವಾಗಿ ಸಾಕಿತ್ತು. ಕೆಟ್ಟ ರಸ್ತೆಗೆ ಹೇಗೋ ಸಾಕಿತ್ತು. ಸಹಿ ಹಾಕಿದೆ.

ಮಕ್ಬೂಲ್ ಕೊಳವೆಯನ್ನು ತಟ್ಟಿ ನೋಡಿ, ಮೂರು ಸಾಕಾ ಮೇಡಂ ಎಂದು ಒಂದೇ ಒಂದು ಸಲ ಕೇಳಿದರು. ಲೆಕ್ಕ ಸರಿಯಿದೆ ಎಂದೆ. ಅವರು ಮತ್ತೆ ಕೇಳಲಿಲ್ಲ. ಆಮೇಲೆ ನಿಶಾಂತ್ ಒಂದು ದಿನ ಬಂದು ಮೂರು ಗಾಡಿಗಳಲ್ಲೂ ಆ ದಂಡದ ಮೇಲೆ ಕಬ್ಬಿಣದ ಪೆಟ್ಟಿಗೆಯೊಂದನ್ನು ಕೂರಿಸಿದ, ಕಾಫಿ ಯಂತ್ರ ಇಡಲಿಕ್ಕೆ. ಅದು ನನ್ನ ಡ್ರಾಯಿಂಗಿನಲ್ಲಿ ಇರಲಿಲ್ಲ, ಬ್ರೋಷರಿನ ತೂಕದಲ್ಲೂ ಇರಲಿಲ್ಲ. ನಾನು ನೋಡಿದೆ, ಸುಮ್ಮನಿದ್ದೆ. ನನ್ನ ಕಾಗದದ ಮೇಲೆ ಇಲ್ಲದ್ದು ನನ್ನ ಜವಾಬ್ದಾರಿಯಲ್ಲ ಎಂದುಕೊಂಡೆ. ಹೊಸದಾಗಿ ಸೇರುವವರೇ, ಈ ವಾಕ್ಯ ನಿಮ್ಮ ತಲೆಯಲ್ಲಿ ಬಂದ ದಿನ ಒಂದು ಲೋಟ ನೀರು ಕುಡಿದು ಮತ್ತೊಮ್ಮೆ ಯೋಚಿಸಿ.

ಮೂರರಲ್ಲಿ ಒಂದು ಪ್ರದರ್ಶನಕ್ಕೆ ನಮ್ಮಲ್ಲೇ ಉಳಿಯಿತು. ಎರಡನೆಯದನ್ನು ಮಾರತ್ತಹಳ್ಳಿಯ ಗುರುಪ್ರಸಾದ್ ಎಂಬವರು ಕೊಂಡರು. ಮೂರನೆಯದನ್ನು ಕೊಂಡವರು ಆಂಥೋಣಿ ಸಾರ್. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ನನ್ನ ಮೇಲಧಿಕಾರಿಯಾಗಿದ್ದವರು. ಅರ್ಧ ಮಿಲಿಮೀಟರು ತಪ್ಪಿದರೆ ಇಡೀ ಹಾಳೆಯನ್ನು ಮತ್ತೆ ಬರೆಸುತ್ತಿದ್ದರು. ಎಂಬತ್ತರ ಹತ್ತಿರವಿದ್ದರೂ ಹೆಂಡತಿಯನ್ನು ಕೂರಿಸಿಕೊಂಡು ಜೀಪು ಓಡಿಸುತ್ತಿದ್ದರು. ಶೆಡ್ಡಿಗೆ ಬಂದವರು ಟ್ರೇಲರಿನ ಕಡೆ ಸರಿಯಾಗಿ ನೋಡಲೂ ಇಲ್ಲ. ವನಜಾ ಬರೆದದ್ದು ತಾನೆ, ಹಾಗಾದರೆ ಸರಿ ಎಂದು ತೆಗೆದುಕೊಂಡು ಹೋದರು. ಇಪ್ಪತ್ತು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು.

ನಾಲ್ಕು ತಿಂಗಳ ನಂತರದ ಒಂದು ಶುಕ್ರವಾರ, ಬಂಡೆಗಳ ಮೇಲೆ ಕುಣಿಸಿ ತಂದಿದ್ದ ಪ್ರದರ್ಶನದ ಟ್ರೇಲರನ್ನು ಮಕ್ಬೂಲ್ ತೊಳೆಯುತ್ತಿದ್ದರು. ನನ್ನನ್ನು ಕರೆದರು. ನೆಲಕ್ಕೆ ಒಂದು ರಟ್ಟು ಹಾಸಿದರು. ಸೆರಗು ಬಿಗಿದು ಸಿಕ್ಕಿಸಿಕೊಂಡು ಗಾಡಿಯ ಕೆಳಗೆ ಮಲಗಿ ನೋಡಿದೆ. ಎಳೆದಂಡ ಮೈಗೆ ಸೇರುವಲ್ಲಿ, ಕೊಳವೆಯ ಕೆಳಮುಖದಲ್ಲಿ, ವೆಲ್ಡಿನ ಅಂಚಿನಿಂದ ಕೂದಲೆಳೆಯಂಥ ಒಂದು ಗೆರೆ ಹೊರಟಿತ್ತು. ಬಟ್ಟೆಯಿಂದ ಒರೆಸಿದೆ. ಗೆರೆ ಹೋಗಲಿಲ್ಲ.

ಮಕ್ಬೂಲ್ ನನ್ನ ಪಕ್ಕಕ್ಕೇ ಮಲಗಿದ್ದರು. ನಾನು ಹೇಳಿದ್ದೆ ಎಂದು ಅವರು ಅನ್ನಬಹುದಿತ್ತು. “ಇನ್ನೆರಡು ಗಾಡಿ ಹೊರಗಿದೆ ಮೇಡಂ,” ಎಂದಷ್ಟೇ ಅಂದರು.

ನಿಶಾಂತನಿಗೆ ಫೋನು ಮಾಡಿದೆ. ಭಾನುವಾರ ಅವನ ಇನ್ನೊಂದು ಹೊಸ ಮಾದರಿಯ ದೊಡ್ಡ ಸಮಾರಂಭವಿತ್ತು. ಗಾಡಿಗಳನ್ನು ವಾಪಸು ಕರೆಸುವುದು ಎಂಬ ಪದವನ್ನೇ ಬಳಸಬೇಡಿ ಎಂದ. ಸೋಮವಾರ ಇಬ್ಬರಿಗೂ ಒಂದು ಸಂದೇಶ ಕಳಿಸೋಣ, ನಿಮಗೆ ಉಚಿತವಾಗಿ ಶಕ್ತಿವರ್ಧನೆ ಮಾಡಿಕೊಡುತ್ತೇವೆ ಎಂದು ಬರೆಯೋಣ ಎಂದ. ಟಾನಿಕ್ ಮಾರುತ್ತಿದ್ದೇವೆಯೇ ಎಂದು ಕೇಳಿ ಫೋನಿಟ್ಟೆ. ನಂತರ ಆಂಥೋಣಿ ಸಾರ್ ನಂಬರು ಒತ್ತಿದೆ. ನಿಜ ಹೇಳಬೇಕೆಂದರೆ ನನಗಿದ್ದದ್ದು ಅಪಘಾತದ ಭಯ ಮಾತ್ರ ಅಲ್ಲ. ಈ ವಯಸ್ಸಿನಲ್ಲೂ ಆ ಮನುಷ್ಯನ ಮುಂದೆ ತಪ್ಪು ಒಪ್ಪಿಕೊಳ್ಳುವ ಭಯ.

ಅವರು ಬೆಳಿಗ್ಗೆಯೇ ಹೊರಟು ಕೋಲಾರ ದಾಟಿದ್ದರು. ಮುಳಬಾಗಿಲಿನ ಕಡೆಯ ಒಂದು ಬಂಡೆ ಬೆಟ್ಟದ ಮೇಲೆ ಎರಡು ದಿನ ಇರುವ ಯೋಚನೆ. ಆಗ ಹೆದ್ದಾರಿಯ ಪಕ್ಕ ಟೀಗೆ ನಿಲ್ಲಿಸಿದ್ದರು.

“ಸಾರ್, ಅಲ್ಲಿಂದ ಮುಂದೆ ಹೋಗ್ಬೇಡಿ. ಎಳೆದಂಡ ಬಿರುಕು ಬಿಡ್ತಿದೆ. ನನ್ನ ತಪ್ಪು.”



“ಡ್ರಾಯಿಂಗ್ ತಗೊಂಡು ಬಾ,” ಎಂದರು.

ಮಕ್ಬೂಲರ ಹಳೆಯ ವ್ಯಾನಿನಲ್ಲಿ ಉಕ್ಕಿನ ಪಟ್ಟಿಗಳನ್ನು ಕತ್ತರಿಸಿ ಹಾಕಿಕೊಂಡು ಹೊರಟೆವು. ದಾರಿಯಲ್ಲಿ ನಿಶಾಂತ್ ಮೂರು ಸಲ ಫೋನು ಮಾಡಿದ. ಮೊದಲ ಸಲ, ಹೋಗಬೇಡಿ ಎಂದ. ಎರಡನೆಯ ಸಲ, ಹೋಗಿ, ಆದರೆ ಏನೂ ಬರೆದುಕೊಡಬೇಡಿ ಎಂದ. ಮೂರನೆಯ ಸಲ ಅವನ ದನಿಯಲ್ಲಿ ಉತ್ಸಾಹವಿತ್ತು. ರಸ್ತೆಯಲ್ಲೇ ಬಂದು ರಿಪೇರಿ ಮಾಡಿಕೊಡುವ ಕಂಪನಿ ಎಂದು ಹಾಕಬಹುದು, ಒಳ್ಳೆಯ ಬೆಳಕಿರುವಾಗ ನಾಲ್ಕು ಫೋಟೋ ತೆಗೆಯಿರಿ ಎಂದ.

ಟೀ ಅಂಗಡಿಯ ಪಕ್ಕದಲ್ಲೇ ಟ್ರ್ಯಾಕ್ಟರ್ ರಿಪೇರಿಯ ಶೆಡ್ಡೊಂದಿತ್ತು, ವೆಲ್ಡಿಂಗ್ ಯಂತ್ರವಿತ್ತು. ಆಂಥೋಣಿ ಸಾರ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಅವರ ಹೆಂಡತಿ ಫಿಲೋಮಿನಾ ಟ್ರೇಲರಿನ ಅಡುಗೆಮನೆ ತೆರೆದು ಅಂಗಡಿಯವನ ಹೆಂಡತಿಗೆ ತೋರಿಸುತ್ತಿದ್ದರು. ಮಕ್ಬೂಲ್ ಕೆಳಗೆ ನುಸುಳಿ ನೋಡಿ ನನಗೆ ಎರಡು ಬೆರಳು ತೋರಿಸಿದರು. ಇಲ್ಲಿ ಅದು ಕೂದಲೆಳೆಯಾಗಿ ಉಳಿದಿರಲಿಲ್ಲ. ಎರಡು ಬೆರಳಗಲದಷ್ಟು ಉದ್ದದ ಬಿರುಕು, ಬಾಯಿ ಬಿಟ್ಟಿತ್ತು. ಬೆಟ್ಟದ ದಾರಿ ಅಲ್ಲಿಂದ ಮೂರು ಕಿಲೋಮೀಟರು.

ಸಾರ್ ಡ್ರಾಯಿಂಗನ್ನು ತೊಡೆಯ ಮೇಲೆ ಬಿಡಿಸಿದರು. ಮೂರು ಮಿಲಿಮೀಟರಿನ ಕಡೆ ಅವರು ನೋಡಲಿಲ್ಲ. ನೇರ ಕೆಳಗಿನ ಬಲಮೂಲೆಗೆ ಹೋದರು. ಬರೆದವರು, ಪರಿಶೀಲಿಸಿದವರು ಎಂಬ ಎರಡು ಮನೆಗಳಿರುವ ಕಡೆ. ಎರಡರಲ್ಲೂ ನನ್ನದೇ ಸಹಿ.

“ನೀನೇ ಬರ್ದು ನೀನೇ ಚೆಕ್ ಮಾಡಿದ್ಯಾ, ವನಜಾ?”

ಬೇರೆ ಯಾರೂ ಇರಲಿಲ್ಲ ಸಾರ್ ಎಂದೆ. ನಿಜವೂ ಹೌದು. ಆದರೆ ಆರು ವರ್ಷದಲ್ಲಿ ಒಬ್ಬರು ಬೇಕು ಎಂದು ನಾನು ನಿಶಾಂತನನ್ನು ಕೇಳಿಯೂ ಇರಲಿಲ್ಲ. ಬೈಯುವವರಿಲ್ಲದ ಕೆಲಸ ಎಷ್ಟು ಹಾಯಾಗಿರುತ್ತದೆ ಎಂದು ಆ ಆರು ವರ್ಷ ಅನುಭವಿಸಿದ್ದೆ. ಇದನ್ನು ಅವರಿಗೆ ಹೇಳಲಿಲ್ಲ. ಅವರಿಗೆ ಗೊತ್ತಾಗಿತ್ತು.

ಮಕ್ಬೂಲ್ ಕಾಫಿ ಪೆಟ್ಟಿಗೆಯನ್ನು ಕಿತ್ತೆಸೆದರು. ಬಿರುಕನ್ನು ಪೂರ್ತಿ ಉಜ್ಜಿ ತೆಗೆದು ತುಂಬಿದರು, ಇಬ್ಬದಿಗೂ ಉದ್ದುದ್ದಕ್ಕೆ ಪಟ್ಟಿ ಕೊಟ್ಟು ವೆಲ್ಡ್ ಮಾಡಿದರು. ಕೆಳಮುಖಕ್ಕೆ ಅಡ್ಡಲಾಗಿ ವೆಲ್ಡ್ ಹಾಕಬಾರದು, ಬಿರುಕು ಹುಟ್ಟುವುದೇ ಅಲ್ಲಿ ಎಂಬುದನ್ನು ನಾನು ಅಂದಿನಿಂದ ಎಲ್ಲ ಡ್ರಾಯಿಂಗಿನಲ್ಲೂ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಅವರು ಕೆಲಸ ಮಾಡುವಷ್ಟು ಹೊತ್ತು ಸಾರ್ ಡ್ರಾಯಿಂಗ್ ಓದಿದರು. ಇನ್ನೂ ಎರಡು ತಪ್ಪು ಸಿಕ್ಕವು. ಬೆಟ್ಟ ಹತ್ತುವುದನ್ನು ಬಿಟ್ಟು ನಿಧಾನವಾಗಿ ನಮ್ಮ ಹಿಂದೆಯೇ ಬೆಂಗಳೂರಿಗೆ ವಾಪಸಾದರು. ಮುಂದಿನ ಬುಧವಾರದಿಂದ ವಾರಕ್ಕೊಮ್ಮೆ ಶೆಡ್ಡಿಗೆ ಬಂದು ನನ್ನ ಡ್ರಾಯಿಂಗುಗಳನ್ನು ಪರಿಶೀಲಿಸತೊಡಗಿದರು. ಯಾರೂ ಕರೆದಿರಲಿಲ್ಲ, ಯಾರಿಗೂ ಬೇಡ ಎನ್ನುವ ಧೈರ್ಯವಿರಲಿಲ್ಲ. ಮೊದಲ ಬುಧವಾರವೇ ನಿಶಾಂತನನ್ನು ನಿಲ್ಲಿಸಿಕೊಂಡು, ಬ್ರೋಷರಿನ ಅಳತೆಗಳಿಗೆ ಆಧಾರ ಎಲ್ಲಿ ಎಂದು ಒಂದೂವರೆ ಗಂಟೆ ಕೇಳಿದರು. ನಿಶಾಂತ್ ಆಮೇಲೆ ಬುಧವಾರಗಳಲ್ಲಿ ಶೆಡ್ಡಿನ ಕಡೆ ಬರಲಿಲ್ಲ. ಬ್ರೋಷರು ಮಾತ್ರ ಬದಲಾಯಿತು.

ಉಳಿದದ್ದು ಗುರುಪ್ರಸಾದರ ಗಾಡಿ. ಎರಡು ದಿನ ಫೋನು ಮಾಡಿದರೂ ವ್ಯಾಪ್ತಿಯ ಹೊರಗೆ ಎಂದೇ ಬರುತ್ತಿತ್ತು. ಯಾವ ಕಾಡಿನಲ್ಲಿದ್ದಾರೋ, ಯಾವ ಇಳಿಜಾರಿನಲ್ಲಿ ದಂಡ ಮುರಿಯಿತೋ ಎಂದು ನಾನು ಊಟ ಬಿಟ್ಟೆ. ಭಾನುವಾರ ಬೆಳಿಗ್ಗೆ ಮಕ್ಬೂಲರ ಜೊತೆ ಮಾರತ್ತಹಳ್ಳಿಯ ಅವರ ಅಪಾರ್ಟ್‌ಮೆಂಟಿಗೇ ಹೋದೆವು. ಕಾವಲುಗಾರ ನಮ್ಮನ್ನು ನೆಲಮಾಳಿಗೆಯ ಎರಡನೆಯ ಅಂತಸ್ತಿಗೆ ಕಳಿಸಿದ.

ಟ್ರೇಲರು ಅಲ್ಲಿತ್ತು. ಟೈರುಗಳ ಮೇಲೆ ಹೊಸ ರಬ್ಬರಿನ ಕೂದಲು ಇನ್ನೂ ಹಾಗೇ ಇತ್ತು. ಮೇಲಿನ ಮನೆಯಿಂದ ಒಂದು ವೈರು ಇಳಿದು ಬಂದು ಅದರ ಕಿಟಕಿಯೊಳಗೆ ಹೋಗಿತ್ತು. ಒಳಗೆ ಗುರುಪ್ರಸಾದ್ ಲ್ಯಾಪ್‌ಟಾಪ್ ಮುಂದೆ ಕೂತು, ಭಾನುವಾರವೂ ಮೀಟಿಂಗಿಗೆ ಕರೆದವರಿಗೆ, ತಾವು ಸಕಲೇಶಪುರದ ಹತ್ತಿರ ಇರುವುದಾಗಿಯೂ ನೆಟ್‌ವರ್ಕ್ ಬಹಳ ದುರ್ಬಲವೆಂದೂ ಹೇಳುತ್ತಿದ್ದರು. ನಮ್ಮನ್ನು ಕಂಡು, ಒಂದು ನಿಮಿಷ ಎಂದು ಬೆರಳೆತ್ತಿದರು. ನಾಲ್ಕು ತಿಂಗಳಿಂದ ಆ ಗಾಡಿ ಒಂದು ಅಡಿ ಕದಲಿರಲಿಲ್ಲ. ನನಗೆ ಜೀವ ಬಂತು. ಮರುಕ್ಷಣವೇ ಅವಮಾನವೂ ಆಯಿತು.

ವಿಷಯ ಹೇಳಿದೆ. ಅಷ್ಟರಲ್ಲಿ ಅವರ ಹೆಂಡತಿ ಸುಧಾ ತಿಂಡಿ ಹಿಡಿದುಕೊಂಡು ಬಂದರು. ಅವರಿಗೂ ಎಲ್ಲವನ್ನೂ ಹೇಳಿದೆ, ಒಂದನ್ನೂ ಬಿಡದೆ.

“ನೋಡಿ, ಇದಕ್ಕೇ ನಾನು ಎಲ್ಲೂ ಹೋಗೋದು ಬೇಡ ಅಂದಿದ್ದು,” ಎಂದರು ಸುಧಾ ಗಂಡನಿಗೆ.

ಗುರುಪ್ರಸಾದ್ ತಟ್ಟೆ ತೆಗೆದುಕೊಂಡು ಟ್ರೇಲರಿನ ಮೆಟ್ಟಿಲ ಮೇಲೆ ಕೂತರು. ಆ ಮುಖ ನೋಡಿ ನನಗೆ ತಿಳಿಯಿತು. ಆ ಮನೆಯಲ್ಲಿ ನಾಲ್ಕು ತಿಂಗಳಿಂದ ನಡೆದಿದ್ದ ವಾದವೊಂದನ್ನು ನನ್ನ ತಪ್ಪು ಅವತ್ತು ಮುಗಿಸಿಬಿಟ್ಟಿತ್ತು. ಹೊಸ ದಂಡ ಹಾಕಿಕೊಡುತ್ತೇವೆ, ನಾಲ್ಕು ಮಿಲಿಮೀಟರಿನದು, ಇನ್ನು ಯಾವ ಭಯವೂ ಇಲ್ಲ ಎಂದು ಸುಧಾಗೆ ಹೇಳಿದೆ. ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ನೀವು ಮಲಗಿದ್ದೀರಾ ಮೇಡಂ ಇದ್ರಲ್ಲಿ? ಒಂದು ದಿನ ಆದ್ರೂ?”

ಮಲಗಿರಲಿಲ್ಲ. ಆರು ವರ್ಷದಲ್ಲಿ ಒಂದು ದಿನವೂ ಮಲಗಿರಲಿಲ್ಲ. ಇಲ್ಲ ಎಂದೆ.

“ಹಾಗಾದ್ರೆ ನೀವು ಮೊದ್ಲು ಮಲಗಿ. ಆಮೇಲೆ ನಾನು ಬರ್ತೀನಿ.”

ಮಕ್ಬೂಲ್ ಆ ವಾರವೇ ಬೇರೆ ದಂಡ ಕಟ್ಟಿ ತಂದು ಕೂರಿಸಿದರು. ಶನಿವಾರ ಗುರುಪ್ರಸಾದ್, ಸುಧಾ, ನಾನು ಹೊಸಕೋಟೆ ದಾಟಿ ಒಂದು ಕೆರೆಯ ಪಕ್ಕ, ಅವರ ಪರಿಚಯದವರ ಜಮೀನಿಗೆ ಹೋದೆವು. ಅವರಿಬ್ಬರಿಗೆ ಡೇರೆ, ನನಗೆ ನಾನೇ ಬರೆದ ಟ್ರೇಲರು. ಅಲ್ಲಿ ಒಂದೇ ರಾತ್ರಿಯಲ್ಲಿ ಕಲಿತದ್ದನ್ನು ಮೇಜಿನ ಮುಂದೆ ಆರು ವರ್ಷ ಕೂತು ಕಲಿತಿರಲಿಲ್ಲ. ಮಂಚ ನನ್ನಂಥವಳಿಗೆ ಹತ್ತಲು ಒಂದು ಗೇಣು ಹೆಚ್ಚೇ ಎತ್ತರ. ಗಾಳಿಕಿಂಡಿ ನೇರ ಮೂಗಿನ ಮೇಲೆ, ಇಬ್ಬನಿ ಅಲ್ಲಿಂದಲೇ ತೊಟ್ಟಿಕ್ಕುತ್ತದೆ. ದೀಪದ ಸ್ವಿಚ್ಚು ಬಾಗಿಲ ಪಕ್ಕದಲ್ಲಿ, ಮಲಗಿದವರಿಗೆ ಎಟುಕುವುದಿಲ್ಲ. ಆರಿಸಿ, ಕತ್ತಲಲ್ಲಿ ಮಂಚ ಹುಡುಕಿಕೊಂಡು ಬರುವಾಗ ಮೊಣಕಾಲಿಗೆ ಬಡಿಯುವುದು ಮಡಚುವ ಮೇಜಿನ ಮೂಲೆ. ಅದನ್ನೂ ನಾನೇ ಬರೆದದ್ದು.

ಬೆಳಿಗ್ಗೆ ಕುಂಟುತ್ತ ಇಳಿದೆ. ಸುಧಾ ಆಗಲೇ ಎದ್ದು ಹಿಂದಿನ ಮುಚ್ಚಳ ಎತ್ತಿ, ಕೆದರಿದ ತಲೆಯಲ್ಲೇ ಟೀ ಕಾಯಿಸುತ್ತಿದ್ದರು. ಕೆರೆಯಲ್ಲಿ ಕೊಕ್ಕರೆಗಳಿದ್ದವು. ಹೇಗಿತ್ತು ಎಂದು ಕೇಳಿದರು. ಎಲ್ಲವನ್ನೂ ಹೇಳಿದೆ, ಮೊಣಕಾಲನ್ನೂ ತೋರಿಸಿದೆ. ಅವರು ಬಹಳ ಹೊತ್ತು ನಕ್ಕರು. ಆಮೇಲೆ ಗಂಡನನ್ನು ಕೂಗಿ, ಮುಂದಿನ ಸಲ ಇನ್ನೂ ಸ್ವಲ್ಪ ದೂರ ಹೋಗೋಣ ಎಂದರು.

ಸೋಮವಾರ ಸ್ವಿಚ್ಚನ್ನು ತಲೆದಿಂಬಿನ ಪಕ್ಕಕ್ಕೆ ತಂದೆ, ಮಂಚ ಇಳಿಸಿದೆ, ಕಿಂಡಿ ಸರಿಸಿದೆ, ಮೇಜಿನ ಮೂಲೆ ದುಂಡಗೆ ಮಾಡಿದೆ. ಈಗಿನ ಪದ್ಧತಿಯಲ್ಲಿ ಯಾವ ಬದಲಾವಣೆಗಾದರೂ ಕಂಪ್ಯೂಟರಿಗೆ ಒಂದು ಕಾರಣ ಕೊಡಬೇಕು. ನಿಶಾಂತ್ ಫೋನಿನಲ್ಲಿ, ಇಷ್ಟೊಂದು ಬದಲಾವಣೆಗೆ ಏನೆಂದು ಬರೆಯಲಿ, ಬಳಕೆದಾರರ ಅನುಭವದ ಸಂಶೋಧನೆ ಎಂದು ಹಾಕಲೇ ಎಂದು ಕೇಳಿದ.

“ಬೇಡ,” ಎಂದೆ. “ಮಲಗಿ ನೋಡಿದ್ವಿ ಅಂತ ಬರೀ.”